ನಾಮಕರಣದ ಆಚಾರ್ಯ ಕಾರ್ಲ್ ಲಿನೇಯಸ್

ನಮ್ಮ ಅರಳಿಯ ಮರವನ್ನು ಅಶ್ವತ್ಥವೆಂದೂ ಕರೆಯುವುದುಂಟು. ಹಿಂದಿಯವರಿಗೆ ಅದು ಪೀಪಲ್, ತಮಿಳರಿಗೆ ಅರಸು. ಆದರೆ ಲೋಕದ ಯಾವ ಮೂಲೆಯ ಸಸ್ಯವಿಜ್ಞಾನಿಯೇ ಆಗಲಿ, ಫೈಕಸ್ ರಿಲಿಜಿಯೋಸ ಎಂದೊಡನೆ ಅದನ್ನು ಗುರುತಿಸಬಲ್ಲನು. 1753ರಲ್ಲಿ ಈ ಹೆಸರನ್ನಿತ್ತವನು ಭಾರತವನ್ನು ಒಮ್ಮೆಯೂ ಕಾಣದ ಸ್ವೀಡನ್ ದೇಶದ ಒಬ್ಬ ವೈದ್ಯ, ಕಾರ್ಲ್ ಲಿನೇಯಸ್.

ಲಿನೇಯಸನು 1707ರ ಮೇ 23ರಂದು ದಕ್ಷಿಣ ಸ್ವೀಡನ್ನಿನ ರೋಸ್‌ಹುಲ್ಟ್ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ನಿಲ್ಸ್ ಪಾದ್ರಿ. ಹೂದೋಟವೆಂದರೆ ಆತನಿಗೆ ಪ್ರಾಣ. ಮನೆತನದ ಹೆಸರೂ ಒಂದು ಲಿಂಡೆನ್ ಮರದಿಂದಲೇ ಬಂದದ್ದು. ಮಗನೂ ತನ್ನಂತೆ ಪಾದ್ರಿಯಾಗಲೆಂದು ತಂದೆ ಅವನನ್ನು ವೇಕ್ಷ್ಯೋ ಪಟ್ಟಣದ ಶಾಲೆಗೆ ಸೇರಿಸಿದನು. ಹುಡುಗನಾದರೋ ಪಾಠವನ್ನು ಬಿಟ್ಟು ಗಿಡಗಳ ಹಿಂದೆ ಅಲೆಯತೊಡಗಿದನು. ಇವನಿಗೆ ವಿದ್ಯೆ ಹತ್ತದು, ಯಾವುದಾದರೂ ಕೈಕಸಬಿಗೆ ಹಚ್ಚುವುದೇ ಲೇಸು ಎಂದು ಶಿಕ್ಷಕರು ತಂದೆಗೆ ತಿಳಿಸಿದರು. ಆಗ ಯೋಹಾನ್ ರೋತ್‌ಮನ್ ಎಂಬ ವೈದ್ಯ, ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದವನು, ಹುಡುಗನನ್ನು ತನ್ನ ಮನೆಯಲ್ಲಿರಿಸಿಕೊಂಡು ಸಸ್ಯಶಾಸ್ತ್ರವನ್ನೂ ಶರೀರಶಾಸ್ತ್ರವನ್ನೂ ಕಲಿಸಿದನು. ರೋತ್‌ಮನ್ನನ ಹೆಸರನ್ನು ಇಂದು ಬಲ್ಲವರು ವಿರಳ. ಆದರೂ ಶಿಕ್ಷಕವೃಂದದವರಾದ ನಾವು ಲಿನೇಯಸನಿಗಿಂತ ಮೊದಲು ಸ್ಮರಿಸಬೇಕಾದುದು ಆತನನ್ನೇ.

ಮುಂದೆ ಲುಂಡ್, ಉಪ್ಸಾಲ ವಿಶ್ವವಿದ್ಯಾಲಯಗಳಲ್ಲಿ ಬಡತನದ ವಿದ್ಯಾಭ್ಯಾಸ. 1732ರಲ್ಲಿ ಲ್ಯಾಪ್‌ಲ್ಯಾಂಡಿನ ದುರ್ಗಮ ಯಾತ್ರೆ. 1735ರಲ್ಲಿ ಹಾಲೆಂಡಿಗೆ ತೆರಳಿ ವೈದ್ಯಪದವಿಯನ್ನು ಪಡೆದು, ಅದೇ ವರ್ಷ ಸಕಲ ಪ್ರಕೃತಿಯನ್ನು ಕೆಲವೇ ದೊಡ್ಡ ಹಾಳೆಗಳಲ್ಲಿ ವಿಂಗಡಿಸಿದ ಸಿಸ್ಟೆಮಾ ನ್ಯಾಚುರೇ ಎಂಬ ಗ್ರಂಥವನ್ನು ಪ್ರಕಟಿಸಿದನು. 1741ರಲ್ಲಿ ಉಪ್ಸಾಲದಲ್ಲಿ ಪ್ರಾಧ್ಯಾಪಕನಾದನು.

ಅಂದು ಒಂದು ಗಿಡವನ್ನು ಹೆಸರಿಸಬೇಕಾದರೆ ಎಲೆ, ಕಾಂಡ, ಹೂಗಳನ್ನೆಲ್ಲ ಬಣ್ಣಿಸುವ ಉದ್ದನೆಯ ಲ್ಯಾಟಿನ್ ಪದಸರಣಿಯನ್ನೇ ಉಚ್ಚರಿಸಬೇಕಾಗುತ್ತಿತ್ತು. ಹೊಸದೊಂದು ಗಿಡ ದೊರೆತಾಗ ಹಳೆಯ ವರ್ಣನೆ ಸಾಲದೆ ಮತ್ತಷ್ಟು ಪದಗಳು ಸೇರುತ್ತಿದ್ದವು. 1753ರ ಸ್ಪೀಸೀಸ್ ಪ್ಲಾಂಟಾರಮ್ ಗ್ರಂಥದಲ್ಲಿ ಲಿನೇಯಸನು ಸುಮಾರು 6,000 ಸಸ್ಯಗಳಿಗೆ, ಜಾತಿಗೊಂದು ಪ್ರಭೇದಕ್ಕೊಂದು ಎಂಬಂತೆ, ಎರಡೇ ಪದಗಳ ಹೆಸರನ್ನಿತ್ತನು. ಇಂತಹ ಹೆಸರುಗಳು ಅಲ್ಲಲ್ಲಿ ಹಿಂದೆಯೂ ಇದ್ದವು. ಎಲ್ಲಕ್ಕೂ ತಪ್ಪದೆ ಅನ್ವಯಿಸಿದ್ದು ಇವನ ಸಾಧನೆ. ವಿಚಿತ್ರವೆಂದರೆ, ಅವನು ಈ ಕಿರುನಾಮಗಳನ್ನು ಪುಟದ ಅಂಚಿನಲ್ಲಿ ಕೇವಲ ಅನುಕೂಲಕ್ಕೆಂದು ಮುದ್ರಿಸಿದ್ದನು. ಕೇಸರಗಳ ಎಣಿಕೆಯನ್ನು ಮುಖ್ಯ ಆಧಾರವಾಗಿಸಿ ಸಸ್ಯಗಳನ್ನು 24 ವರ್ಗಗಳಾಗಿ ವಿಂಗಡಿಸಿದ್ದರ ಬಗೆಗೆ ಅವನಿಗೆ ಹೆಮ್ಮೆಯಿತ್ತು. ಆ ವಿಂಗಡಣೆಯನ್ನು ಮುಂದಿನವರು ಕೈಬಿಟ್ಟರು. ಅಂಚಿನ ಹೆಸರುಗಳು ಉಳಿದವು. ನಮ್ಮ ಮಾವು, ಹುಣಿಸೆ, ಆಲಗಳ ಶಾಸ್ತ್ರೀಯ ನಾಮಗಳು ಆ ಗ್ರಂಥದವೇ. 1758ರಲ್ಲಿ ಪ್ರಾಣಿಗಳಿಗೂ ಇದೇ ಕ್ರಮ ಬಂದಿತು. ಮೊದಲು ಮೀನೆಂದು ಎಣಿಸಿದ್ದ ತಿಮಿಂಗಿಲವನ್ನು ಆಗ ಅವನೇ ಸಸ್ತನಿಗಳ ವರ್ಗಕ್ಕೆ ಸೇರಿಸಿ ತನ್ನ ತಪ್ಪನ್ನು ತಿದ್ದಿಕೊಂಡನು.

ತಿದ್ದಿಕೊಳ್ಳದ ತಪ್ಪೂ ಒಂದುಂಟು, ಅದನ್ನು ಮರೆಮಾಚಲಾಗದು. ಮಾನವರನ್ನು ಖಂಡ ಹಾಗೂ ಮೈಬಣ್ಣಗಳಿಂದ ನಾಲ್ಕಾಗಿ ಒಡೆದು, ಒಂದೊಂದಕ್ಕೂ ಒಂದೊಂದು ಸ್ವಭಾವವನ್ನು ಆರೋಪಿಸಿ, ಯುರೋಪಿನವರಿಗೆ ಒಳ್ಳೆಯ ಗುಣಗಳನ್ನು ಹಂಚಿದನು. ವರ್ಣಭೇದವಾದಿಗಳಿಗೆ ಅದು ಬಹುಕಾಲ ಆಸರೆಯಾಯಿತು.

ಅವನ ಶಿಷ್ಯರು ಸಸ್ಯಗಳನ್ನರಸಿ ದೇಶದೇಶಗಳಿಗೆ ಹೊರಟರು, ಹಲವರು ಮರಳಲಿಲ್ಲ. ಹಾಸೆಲ್‌ಕ್ವಿಸ್ಟ್ 1752ರಲ್ಲಿ ಸ್ಮಿರ್ನಾದ ಬಳಿ, ಫೋರ್ಸ್ಕೋಲ್ 1763ರಲ್ಲಿ ಯೆಮೆನ್ನಿನಲ್ಲಿ ಮಡಿದರು. ಕೋನಿಗ್ ಎಂಬಾತ 1768ರಲ್ಲಿ ತಮಿಳುನಾಡಿನ ತರಂಗಂಬಾಡಿಗೆ ಬಂದು ದಕ್ಷಿಣ ಭಾರತದ ಸಸ್ಯಗಳನ್ನು ಅಭ್ಯಸಿಸಿದನು.

1774ರಲ್ಲಿ ಪಾರ್ಶ್ವವಾಯು ಬಡಿದ ಮೇಲೆ ಗುರುವಿನ ನೆನಪು ಕುಂದುತ್ತ ಬಂದಿತು. ಸಾವಿರಾರು ಜೀವಿಗಳಿಗೆ ಹೆಸರಿಟ್ಟವನಿಗೆ ಕಡೆಗೆ ತನ್ನ ಹೆಸರೇ ಮರೆಯುತ್ತಿತ್ತೆಂದು ಹೇಳುವರು. 1778ರ ಜನವರಿ 10ರಂದು ತೀರಿಕೊಂಡ ಅವನನ್ನು ಉಪ್ಸಾಲದ ದೊಡ್ಡ ಇಗರ್ಜಿಯಲ್ಲಿ ಸಮಾಧಿ ಮಾಡಲಾಯಿತು. ಮಗನೂ ಐದು ವರ್ಷಗಳಲ್ಲಿ ಗತಿಸಲು, ಮನೆಯವರು ಒಣಗಿಡಗಳ ಸಂಗ್ರಹವನ್ನೂ ಗ್ರಂಥಗಳನ್ನೂ ಜೇಮ್ಸ್ ಎಡ್ವರ್ಡ್ ಸ್ಮಿತ್ ಎಂಬ ಆಂಗ್ಲ ತರುಣನಿಗೆ ಮಾರಿದರು. ಆತನು 1788ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಲಿನೇಯನ್ ಸೊಸೈಟಿಯಲ್ಲಿ ಆ ಹಾಳೆಗಳು ಇಂದಿಗೂ ಇವೆ.