ಎರೆಹುಳದ ಲೆಕ್ಕ ಇಟ್ಟ ಚಾರ್ಲ್ಸ್ ಡಾರ್ವಿನ್

ಡಾರ್ವಿನ್ ಅಂದ ಕೂಡಲೆ ಎಲ್ಲರೂ ಮಂಗನಿಂದ ಮಾನವ ಅಂತಾರೆ. ಆದರೆ ಈ ವಿಜ್ಞಾನಿಯ ಕೊನೆಯ ಪುಸ್ತಕ ಎರೆಹುಳದ ಮೇಲೆ. ಇದು ನಮ್ಮ ತರಗತಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ನಾನು ಆ ವಿಷಯವನ್ನೇ ಹೆಚ್ಚಾಗಿ ಬರೆದಿದ್ದೇನೆ.

ಡಾರ್ವಿನ್‌ರವರು 1809ನೇ ಇಸವಿ ಫೆಬ್ರವರಿ 12ರಂದು ಇಂಗ್ಲೆಂಡಿನ ಶ್ರೂಸ್‌ಬರಿ ಎಂಬ ಊರಿನಲ್ಲಿ ಜನಿಸಿದರು. ತಂದೆ ರಾಬರ್ಟ್ ಡಾಕ್ಟರು. ಮಗನನ್ನೂ ಡಾಕ್ಟರಿಕೆ ಓದಲು ಕಳಿಸಿದರು, ಇವರು ಅರ್ಧಕ್ಕೇ ಬಿಟ್ಟರು. 1831ರಿಂದ 1836ರವರೆಗೆ ಬೀಗಲ್ ಎಂಬ ಹಡಗಿನಲ್ಲಿ ಲೋಕ ಸುತ್ತಿದರು. ಆ ಕಥೆ ದೊಡ್ಡದು, ಇಲ್ಲಿ ಜಾಗ ಸಾಲದು.

1837ರಲ್ಲಿ ಅವರು ಸೋದರಮಾವನ ಮನೆಗೆ ಹೋಗಿದ್ದರು. ಮಾವ ಜೋಸಯ್ಯ ವೆಜ್‌ವುಡ್ ತಮ್ಮ ಹುಲ್ಲುಗಾವಲು ತೋರಿಸಿದರು. ಕೆಲವು ವರ್ಷಗಳ ಹಿಂದೆ ಅಲ್ಲಿ ಚೆಲ್ಲಿದ್ದ ಸುಣ್ಣ ಮತ್ತು ಕಿಟ್ಟ ಈಗ ಮಣ್ಣಿನ ಒಳಗೆ ಇಂಚುಗಟ್ಟಲೆ ಕೆಳಗೆ ಇತ್ತು. ಎರೆಹುಳ ಕೆಳಗಿನ ಮಣ್ಣು ತಿಂದು ಮೇಲೆ ಹಿಕ್ಕೆ ಹಾಕಿ ಹಾಕಿ ಅದನ್ನು ಮುಚ್ಚಿದೆ ಎಂದು ಮಾವನ ಊಹೆ. ಡಾರ್ವಿನ್ ಇದನ್ನು ಅದೇ ವರ್ಷ ಲಂಡನ್ನಿನ ಭೂವಿಜ್ಞಾನ ಸಂಘದಲ್ಲಿ ಓದಿದರು. ಇಷ್ಟು ಸಣ್ಣ ಹುಳ ಅಷ್ಟು ದೊಡ್ಡ ಕೆಲಸ ಮಾಡುತ್ತಾ ಅಂತ ಕೆಲವರು ನಂಬಲಿಲ್ಲ. (ಇದೇ ಮಾವನ ಮಗಳು ಎಮ್ಮಾರನ್ನು ಅವರು 1839ರಲ್ಲಿ ಮದುವೆಯಾದರು. ನಮ್ಮ ಕಡೆಯ ಹಾಗೇ!)

ಆಮೇಲೆ ಅವರು ಡೌನ್ ಎಂಬ ಹಳ್ಳಿಯಲ್ಲಿ ನೆಲೆಸಿದರು. 1842 ಡಿಸೆಂಬರ್ 20ರಂದು ಅಲ್ಲಿನ ಒಂದು ಹೊಲದ ಮೇಲೆ ಸೀಮೆಸುಣ್ಣದ ಕಲ್ಲಿನ ಚೂರು ಹರಡಿಸಿದರು. ಮತ್ತೆ ಅಗೆಸಿದ್ದು ಯಾವಾಗ ಗೊತ್ತಾ? 29 ವರ್ಷ ಬಿಟ್ಟು, 1871ರಲ್ಲಿ! ಬಿಳೀ ಚೂರುಗಳು 7 ಇಂಚು ಕೆಳಗೆ ಸಾಲಾಗಿ ಇದ್ದವು. ಅಂದರೆ ವರ್ಷಕ್ಕೆ ಕಾಲು ಇಂಚೂ ಇಲ್ಲ. ನಾವಾದರೆ ಮಾರನೇ ದಿನವೇ ಅಗೆದು ನೋಡುತ್ತಿದ್ದೆವು.

ಎರೆಹುಳಕ್ಕೆ ಕಿವಿ ಕೇಳುತ್ತದೆಯೇ ಎಂದು ಕುಂಡದಲ್ಲಿ ಸಾಕಿ ಅದರ ಮುಂದೆ ಸೀಟಿ, ಪಿಯಾನೊ ಎಲ್ಲಾ ನುಡಿಸಿ ನೋಡಿದರಂತೆ. ಕೇಳುವುದಿಲ್ಲ. ಆದರೆ ಕುಂಡವನ್ನು ಪಿಯಾನೊ ಮೇಲೇ ಇಟ್ಟು ನುಡಿಸಿದರೆ, ಅದುರುವುದು ಗೊತ್ತಾಗಿ ಬಿಲಕ್ಕೆ ಓಡುತ್ತಿದ್ದವು.

ನನಗೆ ಬಹಳ ಹಿಡಿಸಿದ್ದು ಇಳಿಜಾರಿನ ಲೆಕ್ಕ. ಮಳೆ ಬಂದಾಗ ಹಸಿ ಹಿಕ್ಕೆ ಕೆಳಕ್ಕೆ ಹರಿಯುತ್ತೆ, ಒಣಗಿದ್ದು ಉಂಡೆಯಾಗಿ ಉರುಳುತ್ತೆ. ಬಿಲದ ಮೇಲ್ಗಡೆಯ ಮಣ್ಣು, ಕೆಳಗಡೆಯ ಮಣ್ಣು ಬೇರೆ ಬೇರೆ ಮಾಡಿ ತೂಗಿದರು. ಕೆಳಗಡೆಯದ್ದೇ ಹೆಚ್ಚು. ಸುಮಾರು ಒಂಬತ್ತೂವರೆ ಡಿಗ್ರಿ ಇಳಿಜಾರಿನ ಹುಲ್ಲುನೆಲದಲ್ಲಿ 100 ಗಜ ಉದ್ದದ ಅಡ್ಡಗೆರೆ ಎಳೆದರೆ, ಅದನ್ನು ದಾಟಿ ವರ್ಷಕ್ಕೆ ಹನ್ನೊಂದೂವರೆ ಪೌಂಡು ಹಸಿ ಮಣ್ಣು ಕೆಳಗೆ ಹೋಗುತ್ತದೆ ಎಂದು ಲೆಕ್ಕ ಹಾಕಿದರು. ನಮ್ಮ ಲೆಕ್ಕದಲ್ಲಿ ಸುಮಾರು 5 ಕಿಲೋ, ಒಂದು ಬುಟ್ಟಿಯೂ ತುಂಬಲ್ಲ. ಹುಲ್ಲು ಹಿಡಿದುಕೊಂಡಿರೋ ನೆಲದಲ್ಲಿ ಇಷ್ಟೇ. ನಮ್ಮ ಸೊರಬದ ಕಡೆ ಗುಡ್ಡದ ಓರೆ ಅಗೆದು ಶುಂಠಿ ಹಾಕುತ್ತಾರೆ. ಆಷಾಢದ ಮಳೆಯಲ್ಲಿ ಅಲ್ಲಿಂದ ಬರೋ ಕೆಂಪು ನೀರು ಒಂದೇ ದಿನಕ್ಕೆ ಎಷ್ಟು ಬುಟ್ಟಿ ಹೊತ್ತು ತರುತ್ತೋ! ಅಲ್ಲಿ ಯಾರೂ ಗೆರೆ ಎಳೆದು ತೂಗಿದ್ದು ನಾನು ನೋಡಿಲ್ಲ. ಕಾನಿನ ಒಳಗಿಂದ ಬರುವ ಹಳ್ಳದ ನೀರು ಮಾತ್ರ ಅಷ್ಟು ಕೆಂಪಾಗಿರಲ್ಲ, ನೀವೂ ನೋಡಿರಬಹುದು.

ಪುಸ್ತಕ 1881ರಲ್ಲಿ ಹೊರಬಂತು. ಮಾವ ಹುಲ್ಲುಗಾವಲು ತೋರಿಸಿ ಆಗಲೇ 44 ವರ್ಷ ಆಗಿತ್ತು. 1882 ಏಪ್ರಿಲ್ 19ರಂದು ಡಾರ್ವಿನ್ ತೀರಿಕೊಂಡರು. ಆದರೆ ಅಳತೆ ನಿಲ್ಲಲಿಲ್ಲ. ಮನೆಯ ಹತ್ತಿರ ನೆಲದ ಮೇಲೆ ಇಟ್ಟಿದ್ದ ಒಂದು ದುಂಡು ಕಲ್ಲು ಎಷ್ಟು ಕೆಳಗೆ ಇಳಿಯುತ್ತದೆ ಎಂದು ಮಗ ಹೊರೇಸ್ ಅಳೆಯುತ್ತಲೇ ಇದ್ದರು. ಅದು ವರ್ಷಕ್ಕೆ 2 ಮಿಲಿಮೀಟರಿಗಿಂತ ಸ್ವಲ್ಪ ಹೆಚ್ಚು ಇಳಿಯುತ್ತಿತ್ತು.