ಕತ್ತಲೆಯಲ್ಲಿ ಬೆಳಕಾದ ಸಂತ ಜೋಸೆಫ್ ವಾಜ್

ಈ ಮುಡಿಪು ಬೆಟ್ಟ ಹತ್ತುವಾಗ ಕಾಲು ಸೋತರೆ, ಬರಿಗಾಲಲ್ಲೇ ಊರೂರು ನಡೆದ ಈ ಗುರುವನ್ನು ನೆನೆಸಿಕೊಳ್ಳಿ.

1651ರ ಏಪ್ರಿಲ್ 21ರಂದು ಗೋವಾದಲ್ಲಿ ಹುಟ್ಟಿದ ಇವರು 1676ರಲ್ಲಿ ಗುರುದೀಕ್ಷೆ ಪಡೆದು, 1681ರಿಂದ 1684ರವರೆಗೆ ನಮ್ಮ ಕೆನರಾದಲ್ಲಿ ಸೇವೆ ಮಾಡಿದರು. ಕೊಲ್ಲುವ ಸಂಚಿನಿಂದ, ರೋಗಿಯೊಬ್ಬರಿದ್ದಾರೆ ಅಂತ ಸುಳ್ಳು ಹೇಳಿ ಇವರನ್ನು ರಾತ್ರಿ ಈ ಬೆಟ್ಟಕ್ಕೆ ಕರೆತಂದರಂತೆ. ಇವರು ಪ್ರಾರ್ಥಿಸಿ ಕೋಲೂರಿದ ಕಡೆ ನೀರು ಚಿಮ್ಮಿತೆಂಬ ಪ್ರತೀತಿಯಿದೆ.

ಆ ಕಾಲಕ್ಕೆ ಶ್ರೀಲಂಕಾದಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿದ್ದರು. ವರ್ಷಗಟ್ಟಲೆ ಬಲಿಪೂಜೆಯಿಲ್ಲ, ಪಾಪನಿವೇದನೆಯಿಲ್ಲ. 1687ರಲ್ಲಿ ಕೂಲಿಯವನ ವೇಷದಲ್ಲಿ ಅಲ್ಲಿಗೆ ಹೋದ ಇವರು ಕೊರಳಿಗೆ ಜಪಮಾಲೆ ಹಾಕ್ಕೊಂಡು, ಭಿಕ್ಷೆ ಬೇಡುತ್ತಾ ವಿಶ್ವಾಸಿಗಳನ್ನು ಹುಡುಕಿದರು. ರಾತ್ರಿ ಹೊತ್ತು ಗುಟ್ಟಾಗಿ ಪೂಜೆ ಅರ್ಪಿಸಿದರು. 1692ರಲ್ಲಿ ಕ್ಯಾಂಡಿಯಲ್ಲಿ ಗೂಢಚಾರನೆಂದು ಸೆರೆಗೆ ಹಾಕಿದರು. ಎದೆಗುಂದಲಿಲ್ಲ, ಅಲ್ಲೇ ಸಿಂಹಳ ಭಾಷೆ ಕಲಿತರು. 1697ರಲ್ಲಿ ಸಿಡುಬು ಬಂದಾಗ, ಮನೆಯವರೇ ಕಾಡಿಗೆ ಬಿಟ್ಟುಬಂದ ರೋಗಿಗಳಿಗೆ ಗುಡಿಸಲು ಹಾಕಿ ಆರೈಕೆ ಮಾಡಿದರು. ಯಾವ ಜಾತಿ, ಯಾವ ಮತ ಅಂತ ಕೇಳಲಿಲ್ಲ. ಬೌದ್ಧ ರಾಜನೂ ಇವರಿಗೆ ಆಸರೆಯಾದ.

1711ರ ಜನವರಿ 16ರಂದು ಕ್ಯಾಂಡಿಯಲ್ಲೇ ದೈವಾಧೀನರಾದರು. 2015ರ ಜನವರಿ 14ರಂದು ಕೊಲಂಬೊದಲ್ಲಿ ಪೋಪ್ ಫ್ರಾನ್ಸಿಸ್‌ರವರು ಇವರನ್ನು ಸಂತರೆಂದು ಘೋಷಿಸಿದರು.

ದಾರಿ ಕಾಣದ ದಿನ ನಮಗೂ ಬರುತ್ತೆ. ಆವತ್ತು ಜಪಮಾಲೆ ಕೈಗೆತ್ತಿಕೊಳ್ಳಿ. ಪಕ್ಕದ ಮನೆಯ ರೋಗಿಯನ್ನೂ ಮರೆಯಬೇಡಿ. ಸಂತ ಜೋಸೆಫ್ ವಾಜರೇ, ನಮಗಾಗಿ ಪ್ರಾರ್ಥಿಸಿರಿ.