ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್

ಕಬ್ಬು ಬೆಳೆಯುವ ರೈತರು ತಮ್ಮ ತಳಿಗಳನ್ನು ಹೆಚ್ಚಾಗಿ ಅಂಕಿಗಳಿಂದಲೇ ಗುರುತಿಸುತ್ತಾರೆ. ಕೋ 419, ಕೋ 62175 ಮೊದಲಾದ ತಳಿಗಳು ನಮ್ಮ ನಾಡಿನ ಗದ್ದೆಗಳಲ್ಲಿ ಬಹುಕಾಲ ಬೆಳೆದು, ಆಲೆಮನೆಗಳಿಗೂ ಸಕ್ಕರೆ ಕಾರ್ಖಾನೆಗಳಿಗೂ ರಸವನ್ನು ಒದಗಿಸಿವೆ. ಅಂಕಿಯ ಮುಂದಿರುವ ‘ಕೋ’ ಎಂಬ ಅಕ್ಷರವು ತಮಿಳುನಾಡಿನ ಕೊಯಮತ್ತೂರನ್ನು ಸೂಚಿಸುತ್ತದೆ. ಆ ಊರಿನ ಕಬ್ಬಿನ ಸಂಶೋಧನಾ ಕೇಂದ್ರದಲ್ಲಿ 1934ರಿಂದ 1939ರವರೆಗೆ ಮಹಿಳೆಯೊಬ್ಬರು ಸೂಕ್ಷ್ಮದರ್ಶಕದ ಮುಂದೆ ಕುಳಿತು ಕಬ್ಬಿನ ಕುಲಮೂಲವನ್ನು ಶೋಧಿಸುತ್ತಿದ್ದರು. ಅವರೇ ಎಡವಲತ್ ಕಕ್ಕಾಟ್ ಜಾನಕಿ ಅಮ್ಮಾಳ್.

ಜಾನಕಿ ಅಮ್ಮಾಳ್ ಅವರು 1897ರ ನವೆಂಬರ್ 4ರಂದು ಮಲಬಾರಿನ ತಲಚೇರಿಯಲ್ಲಿ ಜನಿಸಿದರು. ತಂದೆ ದಿವಾನ್ ಬಹದೂರ್ ಇ. ಕೆ. ಕೃಷ್ಣನ್ ಮದರಾಸು ಪ್ರಾಂತದಲ್ಲಿ ನ್ಯಾಯಾಧೀಶರಾಗಿದ್ದರು, ತಾಯಿ ದೇವಿ. ಮನೆ ತುಂಬ ಮಕ್ಕಳಿದ್ದ ದೊಡ್ಡ ಸಂಸಾರ. ತಂದೆಗೆ ಗಿಡಮರಗಳಲ್ಲಿಯೂ ಹಕ್ಕಿಗಳಲ್ಲಿಯೂ ಅಪಾರ ಆಸಕ್ತಿ. ಮನೆಯ ಸುತ್ತ ಅವರು ಅಕ್ಕರೆಯಿಂದ ಬೆಳೆಸಿದ ತೋಟವಿತ್ತು. ಮಗಳಿಗೆ ಸಸ್ಯಗಳ ಮೇಲಿನ ಒಲವು ಅಲ್ಲಿಂದಲೇ ಮೂಡಿತೆನ್ನಬಹುದು. ಕುಟುಂಬವು ತೀಯ ಸಮುದಾಯಕ್ಕೆ ಸೇರಿದ್ದು, ಅಂದಿನ ಮಲಬಾರಿನ ಜಾತಿವ್ಯವಸ್ಥೆಯಲ್ಲಿ ಆ ಸಮುದಾಯವನ್ನು ಕೀಳಾಗಿ ಕಾಣಲಾಗುತ್ತಿತ್ತು. ತಂದೆಯ ಪದವಿಯಾಗಲಿ ಮನೆತನದ ವಿದ್ಯೆಯಾಗಲಿ ಈ ತಾರತಮ್ಯವನ್ನು ಸಂಪೂರ್ಣವಾಗಿ ಅಳಿಸಲಿಲ್ಲ.

ಹೆಣ್ಣುಮಕ್ಕಳು ಪ್ರಾಯಕ್ಕೆ ಬಂದೊಡನೆ ವಿವಾಹ ಮಾಡಿಕೊಡುವುದು ಆ ಕಾಲದ ರೂಢಿ. ಜಾನಕಿ ಅವರು ವಿವಾಹಕ್ಕಿಂತ ವ್ಯಾಸಂಗವನ್ನೇ ಆರಿಸಿಕೊಂಡರು. ಕೊನೆಯವರೆಗೂ ಅವಿವಾಹಿತರಾಗಿಯೇ ಉಳಿದರು. ಮದರಾಸಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಓದಿ, 1921ರಲ್ಲಿ ಪ್ರೆಸಿಡೆನ್ಸಿ ಕಾಲೇಜಿನಿಂದ ಸಸ್ಯಶಾಸ್ತ್ರದಲ್ಲಿ ಆನರ್ಸ್ ಪದವಿ ಪಡೆದರು. ಕೆಲಕಾಲ ಅದೇ ನಗರದ ಮಹಿಳಾ ಕ್ರಿಶ್ಚಿಯನ್ ಕಾಲೇಜಿನಲ್ಲಿ ಬೋಧಿಸುತ್ತಿದ್ದಾಗ, ಏಷ್ಯದ ಮಹಿಳೆಯರಿಗಾಗಿಯೇ ಇದ್ದ ಬಾರ್ಬರ್ ವಿದ್ಯಾರ್ಥಿವೇತನ ಅವರಿಗೆ ದೊರೆಯಿತು. ಕಡಲು ದಾಟಿ ಅಮೆರಿಕದ ಮಿಚಿಗನ್ ವಿಶ್ವವಿದ್ಯಾಲಯಕ್ಕೆ ಹೋದ ಅವರು ಮೊದಲು ಸ್ನಾತಕೋತ್ತರ ಪದವಿಯನ್ನೂ, 1931ರಲ್ಲಿ ಡಾಕ್ಟರೇಟನ್ನೂ ಗಳಿಸಿದರು. ಸ್ವದೇಶಕ್ಕೆ ಮರಳಿದ ಮೇಲೆ ಎರಡು ವರ್ಷ ತಿರುವನಂತಪುರದಲ್ಲಿ ಪ್ರಾಧ್ಯಾಪಕರಾಗಿದ್ದು, ತರುವಾಯ ಕೊಯಮತ್ತೂರಿಗೆ ಬಂದರು.

ಕೊಯಮತ್ತೂರಿನ ಕೇಂದ್ರದ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ರೈತನು ಕಬ್ಬನ್ನು ಬೀಜದಿಂದ ಬೆಳೆಸುವುದಿಲ್ಲ. ಗಣ್ಣುಗಳಿರುವ ತುಂಡುಗಳನ್ನು ನೆಟ್ಟು ಬೆಳೆಸುತ್ತಾನೆ. ಹೀಗೆ ಬೆಳೆದ ಗಿಡವು ತಾಯಿಗಿಡದ ಪ್ರತಿರೂಪವೇ ಆಗಿರುತ್ತದೆ. ಹೊಸ ಗುಣಗಳು ಬೇಕಾದರೆ ಸೂಲಂಗಿ ಮೂಡಬೇಕು, ಪರಾಗಸ್ಪರ್ಶವಾಗಬೇಕು, ಮೊಳೆಯಬಲ್ಲ ಬೀಜ ಕಟ್ಟಬೇಕು. ಉತ್ತರ ಭಾರತದ ಹವೆಯಲ್ಲಿ ಇದು ಸುಲಭವಾಗಿ ಆಗದು, ಕೊಯಮತ್ತೂರಿನಲ್ಲಿ ಆಗುತ್ತದೆ. ಆದುದರಿಂದಲೇ 1912ರಲ್ಲಿ ಅಲ್ಲಿ ಸಂಶೋಧನಾ ಕೇಂದ್ರವನ್ನು ಸ್ಥಾಪಿಸಲಾಯಿತು. ಆ ದಿನಗಳಲ್ಲಿ ಭಾರತವು ಜಾವಾ ದ್ವೀಪದಿಂದ ಹೇರಳವಾಗಿ ಸಕ್ಕರೆಯನ್ನು ತರಿಸಿಕೊಳ್ಳುತ್ತಿತ್ತು. ಸಿಹಿಯಾದ ದಪ್ಪ ಕಬ್ಬು ಉತ್ತರದ ಚಳಿ ಮತ್ತು ಬರಗಳನ್ನು ತಾಳಲಾರದು. ಅವನ್ನು ತಾಳಬಲ್ಲ ಕಾಡುಕಬ್ಬಿನಲ್ಲಿ ರಸವಿಲ್ಲ. ಬಾರ್ಬರ್ ಮತ್ತು ವೆಂಕಟರಾಮನ್ ಎಂಬ ವಿಜ್ಞಾನಿಗಳು ಇವೆರಡನ್ನೂ ಕೂಡಿಸಿ, 1918ರಲ್ಲಿ ಕೋ 205 ಎಂಬ ತಳಿಯನ್ನು ರೈತರಿಗೆ ನೀಡಿದರು. (ಈ ಬಾರ್ಬರ್‌ಗೂ ಮೇಲೆ ಹೇಳಿದ ವಿದ್ಯಾರ್ಥಿವೇತನಕ್ಕೂ ಸಂಬಂಧವಿಲ್ಲ.) ಭಾರತದ ಕಬ್ಬಿಗೆ ಸಿಹಿಯನ್ನು ತಂದವರು ಜಾನಕಿ ಅಮ್ಮಾಳ್ ಒಬ್ಬರೇ ಎಂದು ಕೆಲವರು ಬರೆಯುವುದುಂಟು. ಅದು ಸರಿಯಲ್ಲ, ಅವರು ಬರುವ ವೇಳೆಗೆ ಸಂಕರಣ ಕಾರ್ಯ ಭರದಿಂದ ಸಾಗಿತ್ತು. ಆದರೆ ಆ ಸಂಕರದ ಒಳಗೆ ನಡೆಯುವುದೇನು, ಕಾಡಿನ ಹುಲ್ಲೊಂದು ತನ್ನ ಶಕ್ತಿಯನ್ನು ಕಬ್ಬಿಗೆ ಹೇಗೆ ಕೊಡುತ್ತದೆ ಎಂಬ ಪ್ರಶ್ನೆಗಳಿಗೆ ಉತ್ತರ ಬೇಕಾಗಿತ್ತು. ಜಾನಕಿ ಅಮ್ಮಾಳ್ ಕೈಗೆತ್ತಿಕೊಂಡದ್ದು ಇದನ್ನೇ.

ಜೀವಕೋಶದ ಕೇಂದ್ರದಲ್ಲಿ ಎಳೆಗಳಂತಿರುವ ವರ್ಣತಂತುಗಳು ತಂದೆತಾಯಿಗಳ ಗುಣಗಳನ್ನು ಸಂತಾನಕ್ಕೆ ಒಯ್ಯುತ್ತವೆ. ಮನುಷ್ಯನ ಜೀವಕೋಶದಲ್ಲಿ ಇವುಗಳ ಸಂಖ್ಯೆ 46. ದಪ್ಪ ಕಬ್ಬಿನಲ್ಲಿ 80. ನದೀತೀರಗಳಲ್ಲಿ ಬೆಳ್ಳನೆಯ ತೆನೆ ತಳೆದು ತೂಗಾಡುವ ಕಾಶಹುಲ್ಲು ಎಂಬ ಕಾಡುಕಬ್ಬಿನಲ್ಲಾದರೋ ಈ ಸಂಖ್ಯೆ ಒಂದೇ ಅಲ್ಲ. ಪ್ರದೇಶದಿಂದ ಪ್ರದೇಶಕ್ಕೆ ಬದಲಾಗುತ್ತ, 40ರಿಂದ 128ರವರೆಗೂ ಇರುತ್ತದೆ. ಜಾನಕಿ ಅಮ್ಮಾಳ್ ಭಾರತದ ನಾನಾ ಭಾಗಗಳ ಕಾಡುಕಬ್ಬನ್ನು ತರಿಸಿ, ಅದರ ವರ್ಣತಂತುಗಳನ್ನು ಎಣಿಸಿ, 1936ರಲ್ಲಿ ತಮ್ಮ ಅಧ್ಯಯನವನ್ನು ಪ್ರಕಟಿಸಿದರು. ಈ ಹುಲ್ಲಿನ ಮೂಲನೆಲೆ ಭಾರತವೇ ಎಂಬ ನಿರ್ಣಯಕ್ಕೆ ಅವರು ಬಂದರು. ಎಣಿಸುವ ಕೆಲಸವೆಂದರೆ ಸುಲಭವೆಂದು ತೋರಬಹುದು. ಆದರೆ ಕಬ್ಬಿನ ವರ್ಣತಂತುಗಳು ಅತಿ ಸಣ್ಣವು, ಒಂದರ ಮೇಲೊಂದು ಬಿದ್ದಿರುವವು. ಬೇರಿನ ತುದಿಯನ್ನು ಕತ್ತರಿಸಿ, ಬಣ್ಣ ಹಚ್ಚಿ, ಕಣ್ಣು ನೋಯುವವರೆಗೆ ನೋಡಿದರೂ ಎಣಿಕೆ ತಪ್ಪುವುದುಂಟು.

ಕಬ್ಬಿನ ಬಂಧುಬಳಗ ಎಷ್ಟು ದೂರದವರೆಗೆ ಹಬ್ಬಿದೆಯೆಂದು ತಿಳಿಯಲು ಅವರು ಹಲವು ಜಾತಿಯ ಹುಲ್ಲುಗಳೊಡನೆ ಅದನ್ನು ಸಂಕರಗೊಳಿಸಿದರು. 1938ರಲ್ಲಿ ಕಬ್ಬು ಮತ್ತು ಮುಸುಕಿನ ಜೋಳಗಳ ಸಂಕರವನ್ನು ಕುರಿತು ಅವರ ಟಿಪ್ಪಣಿಯೊಂದು ಇಂಗ್ಲೆಂಡಿನ ಪ್ರಸಿದ್ಧ ವಿಜ್ಞಾನ ಪತ್ರಿಕೆ ‘ನೇಚರ್’ನಲ್ಲಿ ಪ್ರಕಟವಾಯಿತು. ಈ ಗಿಡದಿಂದ ರೈತನಿಗೆ ಲಾಭವಾಗಲಿಲ್ಲ. ಆದರೆ ಬೇರೆ ಬೇರೆ ಕುಲಗಳೆಂದು ಶಾಸ್ತ್ರಜ್ಞರು ವಿಂಗಡಿಸಿದ್ದ ಸಸ್ಯಗಳ ನಡುವಣ ಗೋಡೆ ತಿಳಿದಷ್ಟು ಗಟ್ಟಿಯಲ್ಲವೆಂಬುದು ಅದರಿಂದ ತಿಳಿಯಿತು. ಅಷ್ಟರಲ್ಲಿಯೇ ಸರ್ ಸಿ. ವಿ. ರಾಮನ್ ಬೆಂಗಳೂರಿನಲ್ಲಿ ಸ್ಥಾಪಿಸಿದ ಭಾರತೀಯ ವಿಜ್ಞಾನ ಅಕಾಡೆಮಿಯು 1935ರಲ್ಲಿ ಅವರನ್ನು ಸದಸ್ಯರನ್ನಾಗಿ ಆರಿಸಿತ್ತು. ದೂರದ ವಿದ್ವಾಂಸರು ನೀಡಿದ ಈ ಮನ್ನಣೆ ಜೊತೆಯಲ್ಲಿ ದುಡಿಯುವವರಿಂದ ದೊರೆಯಲಿಲ್ಲ. ಒಂಟಿ ಹೆಣ್ಣು, ಅದರಲ್ಲಿಯೂ ಹಿಂದುಳಿದ ಜಾತಿಯವರು ಎಂಬ ಕಾರಣಕ್ಕೆ ಅವರು ಅಲ್ಲಿ ಬಹಳ ಕಹಿಯನ್ನು ನುಂಗಬೇಕಾಯಿತು.

ಆ ಕಾಡುಹುಲ್ಲಿನ ಬೆಲೆ ಇಂದು ಇನ್ನೊಂದು ಬಗೆಯಿಂದ ಹೆಚ್ಚಿದೆ. ಸಕ್ಕರೆ ತಯಾರಿಕೆಯಲ್ಲಿ ಉಳಿಯುವ ಕಾಕಂಬಿಯಿಂದಲೂ ನೇರವಾಗಿ ಕಬ್ಬಿನ ರಸದಿಂದಲೂ ಎಥನಾಲ್ ಎಂಬ ಮದ್ಯಸಾರವನ್ನು ಬಟ್ಟಿಯಿಳಿಸಿ ವಾಹನಗಳಿಗೆ ಇಂಧನವಾಗಿ ಬಳಸುತ್ತಾರೆ. ಬ್ರೆಜಿಲ್ ದೇಶವು 1975ರಲ್ಲಿಯೇ ಇದಕ್ಕಾಗಿ ರಾಷ್ಟ್ರೀಯ ಯೋಜನೆಯನ್ನು ಕೈಗೊಂಡಿತು. ಭಾರತದಲ್ಲಿ 2003ರಲ್ಲಿ ಪೆಟ್ರೋಲಿಗೆ ಶೇಕಡ 5ರಷ್ಟು ಎಥನಾಲ್ ಬೆರೆಸುವ ಕಾರ್ಯ ಆರಂಭವಾಗಿ, 2025ರಲ್ಲಿ ಅದು ಶೇಕಡ 20ನ್ನು ಮುಟ್ಟಿತು. ರಸಕ್ಕಿಂತ ನಾರಿಗಾಗಿಯೇ ಬೆಳೆಸುವ ‘ಶಕ್ತಿಕಬ್ಬು’ ಎಂಬ ಹೊಸ ತಳಿಗಳಲ್ಲಿ ಕಾಡುಕಬ್ಬಿನ ಪಾಲನ್ನು ಬೇಕೆಂದೇ ಹೆಚ್ಚಿಸಿರುತ್ತಾರೆ. ನೂರಕ್ಕೂ ಮಿಕ್ಕಿದ ವರ್ಣತಂತುಗಳುಳ್ಳ ಕಬ್ಬಿನ ಆನುವಂಶಿಕ ರಚನೆ ಎಷ್ಟು ತೊಡಕಾದುದೆಂದರೆ, ಇಂದಿನ ಸಂಕರ ತಳಿಯೊಂದರ ಸಮಗ್ರ ನಕ್ಷೆಯು ಸಿದ್ಧವಾಗಿ ಪ್ರಕಟವಾದುದು 2024ರಲ್ಲಿ. ಗಣಕಯಂತ್ರವಿಲ್ಲದ ಕಾಲದಲ್ಲಿ ಕೇವಲ ಕಣ್ಣನ್ನು ನಂಬಿ ಈ ಗೊಂಡಾರಣ್ಯವನ್ನು ಹೊಕ್ಕವರ ಧೈರ್ಯ ಸಾಮಾನ್ಯವಾದುದಲ್ಲ.

1939ರಲ್ಲಿ ಜಾನಕಿ ಅಮ್ಮಾಳ್ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರದಲ್ಲಿ ನಡೆದ ತಳಿವಿಜ್ಞಾನಿಗಳ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ತೆರಳಿದರು. ಅದೇ ವೇಳೆಗೆ ಎರಡನೆಯ ಮಹಾಯುದ್ಧ ಸಿಡಿಯಿತು. ಮರಳಲಾಗದೆ ಇಂಗ್ಲೆಂಡಿನಲ್ಲಿಯೇ ಉಳಿದ ಅವರು 1940ರಲ್ಲಿ ಲಂಡನ್ನಿನ ಜಾನ್ ಇನ್ಸ್ ತೋಟಗಾರಿಕಾ ಸಂಸ್ಥೆಯನ್ನು ಸೇರಿದರು. ರಾತ್ರಿ ಬಾಂಬುಗಳು ಬೀಳುವಾಗ ಮಂಚದ ಕೆಳಗೆ ಅಡಗಿದ್ದು, ಬೆಳಗಾದೊಡನೆ ಒಡೆದ ಗಾಜಿನ ಚೂರುಗಳನ್ನು ಗುಡಿಸಿ ಕೆಲಸಕ್ಕೆ ಕುಳಿತುಕೊಳ್ಳುತ್ತಿದ್ದರೆಂದು ಹೇಳುತ್ತಾರೆ. ಈ ದುಡಿಮೆಯ ಫಲವಾಗಿ, ಸಿ. ಡಿ. ಡಾರ್ಲಿಂಗ್ಟನ್ ಅವರೊಡನೆ ರಚಿಸಿದ ಸಾಗುವಳಿ ಸಸ್ಯಗಳ ವರ್ಣತಂತು ಕೋಶವು 1945ರಲ್ಲಿ ಹೊರಬಂದು ಲೋಕದ ಸಸ್ಯವಿಜ್ಞಾನಿಗಳಿಗೆಲ್ಲ ಕೈಪಿಡಿಯಾಯಿತು.

ತರುವಾಯ ಅವರು ವಿಸ್ಲಿ ಎಂಬಲ್ಲಿರುವ ರಾಯಲ್ ತೋಟಗಾರಿಕಾ ಸಂಘದ ಉದ್ಯಾನದಲ್ಲಿ ನೇಮಕಗೊಂಡರು. ಕಾಲ್ಚಿಸಿನ್ ಎಂಬ ಸಸ್ಯಜನ್ಯ ವಿಷದ್ರವ್ಯವನ್ನು ಎಳೆಯ ಸಸಿಯ ಬೆಳೆಯುವ ತುದಿಗೆ ಸವರಿದರೆ ವರ್ಣತಂತುಗಳು ಇಮ್ಮಡಿಯಾಗುತ್ತವೆ. ಅಂತಹ ಗಿಡದ ಎಲೆ ದಪ್ಪನಾಗುತ್ತದೆ, ಹೂವಿನ ಎಸಳು ಗಟ್ಟಿಯಾಗಿ ಬಹುದಿನ ಬಾಡದೆ ನಿಲ್ಲುತ್ತದೆ. ಅವರು ಈ ಪ್ರಯೋಗವನ್ನು ಮ್ಯಾಗ್ನೋಲಿಯ ಎಂಬ ಹೂಮರದ ಮೇಲೆ ನಡೆಸಿದರು. ಅವರ ಹೆಸರನ್ನೇ ಹೊತ್ತ ಬಿಳಿಯ ಹೂವಿನ ಒಂದು ಮ್ಯಾಗ್ನೋಲಿಯ ಬಗೆಯೂ ಉಂಟು.

1951ರಲ್ಲಿ ಪ್ರಧಾನಮಂತ್ರಿ ಜವಾಹರಲಾಲ್ ನೆಹರೂ ಅವರ ಆಹ್ವಾನದ ಮೇರೆಗೆ ಅವರು ಸ್ವದೇಶಕ್ಕೆ ಹಿಂದಿರುಗಿದರು. 1890ರಲ್ಲಿ ಸ್ಥಾಪಿತವಾಗಿದ್ದ ಭಾರತೀಯ ಸಸ್ಯ ಸರ್ವೇಕ್ಷಣ ಸಂಸ್ಥೆಯನ್ನು ಪುನಾರಚಿಸುವ ಹೊಣೆ ಅವರದಾಯಿತು. ನಮ್ಮ ನಾಡಿನ ಸಸ್ಯಗಳನ್ನು ಕುರಿತು ತಿಳಿಯಲು ಲಂಡನ್ನಿಗೆ ಹೋಗಿ ಅಲ್ಲಿ ಶೇಖರಿಸಿಟ್ಟ ಒಣಗಿದ ಮಾದರಿಗಳನ್ನು ನೋಡಬೇಕಾದ ಸ್ಥಿತಿ ಅವರಿಗೆ ಹಿಡಿಸಲಿಲ್ಲ. ಅಲಹಾಬಾದಿನಲ್ಲಿ ಕೇಂದ್ರೀಯ ಸಸ್ಯಶಾಸ್ತ್ರ ಪ್ರಯೋಗಾಲಯದ ನಿರ್ದೇಶಕರಾಗಿ ದುಡಿದರೂ, ಸರ್ಕಾರದ ವ್ಯವಸ್ಥೆಯು ಅವರು ಬಯಸಿದಂತೆ ಬದಲಾಗಲಿಲ್ಲ.

ಈ ಸಂಚಾರಗಳಲ್ಲಿ ಅವರು ಕಂಡದ್ದು ಮನಸ್ಸನ್ನು ಕಲಕುವಂತಹುದು. ಹೆಚ್ಚು ಆಹಾರ ಬೆಳೆಯುವ ಆತುರದಲ್ಲಿ ದೇಶದ ಕಾಡುಗಳು ಕ್ಷೀಣಿಸುತ್ತಿದ್ದವು. ಒಮ್ಮೆ ಅಪರೂಪದ ಮ್ಯಾಗ್ನೋಲಿಯ ಮರವೊಂದನ್ನು ನೋಡಲು ಶಿಲ್ಲಾಂಗಿನಿಂದ 37 ಮೈಲಿ ದೂರ ಹೋದರು. ಆ ಭಾಗದಲ್ಲಿ ಆ ಜಾತಿಯ ಮರ ಅದೊಂದೇ ಇತ್ತು. ಅಲ್ಲಿ ತಲುಪಿದಾಗ ಅದು ಸುಟ್ಟುಹೋಗಿತ್ತು. ಬೆಳೆಗಿಡಗಳ ಬಲವೆಲ್ಲ ಅವುಗಳ ಕಾಡಿನ ನೆಂಟರಲ್ಲಿದೆಯೆಂದು ಕೊಯಮತ್ತೂರಿನಲ್ಲಿ ಕಂಡವರಿಗೆ ಆ ನೆಂಟರು ಅಳಿಯುವುದೆಂದರೆ ಏನೆಂಬುದು ಬೇರೆಯವರಿಗಿಂತ ಚೆನ್ನಾಗಿ ತಿಳಿದಿತ್ತು. 1955ರಲ್ಲಿ ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ, ಭೂಮಿಯ ಸ್ವರೂಪವನ್ನು ಮನುಷ್ಯನು ಬದಲಿಸುತ್ತಿರುವ ಬಗೆಯನ್ನು ಚರ್ಚಿಸಲು ಸೇರಿದ ವಿದ್ವಾಂಸರ ಸಭೆಯಲ್ಲಿ ಅವರೂ ಪಾಲ್ಗೊಂಡು, ಭಾರತದ ಜೀವನಾಧಾರ ಬೇಸಾಯವನ್ನು ಕುರಿತು ಪ್ರಬಂಧ ಮಂಡಿಸಿದರು. ಆ ಸಭೆಯಲ್ಲಿ ಇದ್ದ ಮಹಿಳೆ ಅವರೊಬ್ಬರೇ.

1970ರಲ್ಲಿ ಮದರಾಸಿಗೆ ಬಂದು ನೆಲೆಸಿದ ಜಾನಕಿ ಅಮ್ಮಾಳ್ ಅಲ್ಲಿನ ವಿಶ್ವವಿದ್ಯಾಲಯದ ಗೌರವ ವಿಜ್ಞಾನಿಯಾಗಿ, ಸಮೀಪದ ಮಧುರವಾಯಲಿನ ಕ್ಷೇತ್ರ ಪ್ರಯೋಗಾಲಯದಲ್ಲಿ ಸಂಶೋಧನೆಯನ್ನು ಮುಂದುವರಿಸಿದರು. ಹಳದಿ ಬಣ್ಣದ ಸೀರೆ, ಸರಳವಾದ ಜೀವನ, ಸುತ್ತ ಔಷಧಿಯ ಗಿಡಗಳು. 1977ರಲ್ಲಿ ಸರ್ಕಾರವು ಅವರಿಗೆ ಪದ್ಮಶ್ರೀ ಪ್ರಶಸ್ತಿಯನ್ನಿತ್ತು ಗೌರವಿಸಿತು.

ಆ ವೇಳೆಗೆ ಕೇರಳದ ಪಾಲಕ್ಕಾಡ್ ಜಿಲ್ಲೆಯ ಸೈಲೆಂಟ್ ವ್ಯಾಲಿ ಎಂಬ ಕಣಿವೆಯಲ್ಲಿ ಕುಂತಿಪುಳ ನದಿಗೆ ಅಣೆಕಟ್ಟು ಕಟ್ಟಿ ವಿದ್ಯುತ್ತನ್ನು ಉತ್ಪಾದಿಸುವ ಯೋಜನೆ ಸಿದ್ಧವಾಗಿತ್ತು. ಅಣೆಕಟ್ಟು ಏರಿದರೆ ಪಶ್ಚಿಮಘಟ್ಟದ ದಟ್ಟವಾದ ಮಳೆಕಾಡಿನ ಒಂದು ಭಾಗ ನೀರಿನಲ್ಲಿ ಮುಳುಗುವುದಿತ್ತು. ನಮ್ಮ ಮಲೆನಾಡಿನಲ್ಲಿಯೂ ಇರುವ ಸಿಂಗಳೀಕಗಳ ಒಂದು ಮುಖ್ಯ ನೆಲೆ ಆ ಕಾಡು. ವಿದ್ಯುತ್ತೂ ಬೇಕು, ಕಾಡೂ ಬೇಕು. ಜನರ ಅಭಿಪ್ರಾಯ ಎರಡಾಗಿ ಒಡೆಯಿತು. ಎಂಬತ್ತು ವರ್ಷ ದಾಟಿದ್ದ ಜಾನಕಿ ಅಮ್ಮಾಳ್ ಯೋಜನೆಯನ್ನು ವಿರೋಧಿಸಿದವರ ಜೊತೆ ನಿಂತರು. ತಮಗೆ ತಿಳಿದ ವಿದ್ಯೆಯನ್ನೇ ಅದಕ್ಕೆ ಬಳಸಿ, ಕಣಿವೆಯ ಮರಗಿಡಗಳ ವರ್ಣತಂತುಗಳ ಸಮೀಕ್ಷೆಗೆ ತೊಡಗಿದರು.

1984ರ ಫೆಬ್ರವರಿ 7ರಂದು ಮಧುರವಾಯಲಿನಲ್ಲಿ ಅವರು ನಿಧನರಾದರು. ಅದೇ ವರ್ಷದ ನವೆಂಬರ್ ತಿಂಗಳಲ್ಲಿ ಸೈಲೆಂಟ್ ವ್ಯಾಲಿಯನ್ನು ರಾಷ್ಟ್ರೀಯ ಉದ್ಯಾನವೆಂದು ಸರ್ಕಾರವು ಘೋಷಿಸಿತು. ಅಣೆಕಟ್ಟನ್ನು ಕಟ್ಟಲಿಲ್ಲ, ಕುಂತಿಪುಳ ಇಂದಿಗೂ ಆ ಕಾಡಿನ ನಡುವೆ ತಡೆಯಿಲ್ಲದೆ ಹರಿಯುತ್ತಿದೆ.